ಬಾಕಿ ನಮ್ಮದು, ಪುಸ್ತಕ ಅವರದು: ವಸಾಹತಿನ ಮೀಸಲು ಹಣದ ಒಪ್ಪಂದಗಳನ್ನು ಓದುವ ಕ್ರಮ

ಶಿರಸಿ ಸೀಮೆಯ ನಮ್ಮ ಅಜ್ಜ ವರ್ಷದ ಅಡಿಕೆಯನ್ನೆಲ್ಲ ಪೇಟೆಯ ಒಂದೇ ವಖಾರಿಗೆ ಹಾಕುತ್ತಿದ್ದರು. ಮಾರಿದ ಹಣ ಕೈಗೆ ಬರುತ್ತಿರಲಿಲ್ಲ. ವಖಾರಿಯ ಸಾಹುಕಾರರ ಪುಸ್ತಕದಲ್ಲಿ ಅಜ್ಜನ ಹೆಸರಿಗೆ ಜಮೆಯಾಗುತ್ತಿತ್ತು. ಅಕ್ಕಿ, ಬೆಲ್ಲ, ಮದುವೆಯ ಜವಳಿ ಬೇಕಾದಾಗ ಚೀಟಿ ಬರೆಸಿಕೊಂಡು ಸಾಹುಕಾರರು ಹೇಳಿದ ಅಂಗಡಿಗೇ ಹೋಗಬೇಕು. ನಗದು ಕೇಳಿದರೆ "ಈಗ ಕೈಯಲ್ಲಿಲ್ಲ ಹೆಗಡೆಯವರೇ, ದೀಪಾವಳಿ ಕಳೆಯಲಿ" ಎಂಬ ಉತ್ತರ. ಅಜ್ಜ ಸಾಲ ಮಾಡಿದವರಲ್ಲ, ಹಣ ಬರಬೇಕಾದವರು. ಆದರೂ ವಖಾರಿಯ ಜಗಲಿಯಲ್ಲಿ ಕಾಯುತ್ತ ಕೂರುತ್ತಿದ್ದವರು ಅವರೇ.

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಬ್ಯಾಂಕು ಹೊರದೇಶದ ಬ್ಯಾಂಕುಗಳಲ್ಲಿ ಇಟ್ಟ ಹಣದ ಲೆಕ್ಕವನ್ನು ಅವರು ಕಳಿಸಿದ ಲೆಕ್ಕದೊಂದಿಗೆ ತಾಳೆ ನೋಡುವುದು ಬಹುಕಾಲ ನನ್ನ ಕೆಲಸವಾಗಿತ್ತು. ಕಳೆದ ವರ್ಷ ಧಾರವಾಡದಿಂದ ಇಬ್ಬರು ಎಂ.ಎ. ವಿದ್ಯಾರ್ಥಿನಿಯರು ಹುಬ್ಬಳ್ಳಿಯ ನಮ್ಮ ಮನೆಗೆ ಬಂದರು. ಭಾರತದ ಸ್ಟರ್ಲಿಂಗ್ ಶಿಲ್ಕಿನ ಬಗ್ಗೆ, ಅಂದರೆ ಭಾರತದ ಹೆಸರಿಗೆ ಲಂಡನ್ನಿನಲ್ಲಿ ಪೌಂಡಿನಲ್ಲಿ ಜಮೆಯಾಗಿದ್ದ, ಬ್ರಿಟನ್ ಕೊಡಬೇಕಿದ್ದ ಹಣದ ಬಗ್ಗೆ, ಪ್ರಬಂಧ ಬರೆಯಬೇಕಿತ್ತು. 1947ರ ಆಗಸ್ಟ್ 14ರ ಒಪ್ಪಂದದ ನೆರಳಚ್ಚು ಪ್ರತಿ ಅವರ ಕೈಯಲ್ಲಿತ್ತು. ಅದರಲ್ಲಿ 116 ಕೋಟಿ ಪೌಂಡ್ ಎಂಬ ಮೊತ್ತದ ಕೆಳಗೆ ಹಳದಿ ಗೆರೆ ಎಳೆದಿದ್ದರು. "ಸರ್, ಸ್ವಾತಂತ್ರ್ಯದ ಹಿಂದಿನ ದಿನ ಬ್ರಿಟನ್ ಇಷ್ಟು ಹಣ ಹಿಂತಿರುಗಿಸಿತು ಎಂದು ಬರೆಯಬಹುದೇ?" ಎಂದು ಕೇಳಿದರು. ಬರೆಯಬಾರದು. ಏಕೆ ಬರೆಯಬಾರದು ಎಂದು ವಿವರಿಸುವುದಕ್ಕೆ ನಾಲ್ಕು ಭಾನುವಾರ ಬೇಕಾದವು. ಆಳುವ ಸರ್ಕಾರಕ್ಕೂ ಅದರ ವಸಾಹತಿಗೂ ನಡುವೆ ಆದ ಮೀಸಲು ಹಣದ ಒಪ್ಪಂದವನ್ನು ಹೇಗೆ ಬಿಡಿಸಿ ಓದಬೇಕು ಎಂದು ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಹಣ ಕೂಡಿದ್ದು ಹೇಗೆ ಎಂದು ನೋಡಿ

ಒಪ್ಪಂದದ ಹಾಳೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಅದರಲ್ಲಿ ಬರುವ ಮೊತ್ತ ಹುಟ್ಟಿದ್ದೆಲ್ಲಿ ಎಂಬುದನ್ನು ಹುಡುಕಿ.

ಭಾರತದ ಮಟ್ಟಿಗೆ ಕಥೆ ಶುರುವಾಗುವುದು 1939ರ ನವೆಂಬರಿನಲ್ಲಿ. ಯುದ್ಧದ ಖರ್ಚನ್ನು ಹಂಚಿಕೊಳ್ಳುವ ಒಂದು ಏರ್ಪಾಡು ಆಗ ಆಯಿತು. ಶಾಂತಿಕಾಲದ ಸೇನಾ ವೆಚ್ಚವನ್ನು ಬೆಲೆ ಏರಿಕೆ ಸೇರಿಸಿ ಭಾರತ ಭರಿಸಬೇಕು, ಭಾರತದ ರಕ್ಷಣೆಗೆಂದೇ ಕೈಗೊಂಡ ಕ್ರಮಗಳ ಖರ್ಚೂ ಭಾರತದ್ದು, ಅದರಾಚೆಗಿನದು ಬ್ರಿಟನ್ನಿನದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬ್ರಿಟನ್ ತನ್ನ ಪಾಲನ್ನು ಕೊಟ್ಟದ್ದು ಲಂಡನ್ನಿನಲ್ಲಿ, ಪೌಂಡಿನಲ್ಲಿ, ಖಾತೆಗೆ ಜಮೆ ಮಾಡುವ ಮೂಲಕ. ಇಲ್ಲಿ ಗೋಧಿ, ಬಟ್ಟೆ, ಬೂಟು, ಮರ ಕೊಳ್ಳಲು ಬೇಕಾದದ್ದು ರೂಪಾಯಿ. ರಿಸರ್ವ್ ಬ್ಯಾಂಕ್ ಆ ಪೌಂಡ್ ಜಮೆಯನ್ನು ಆಸ್ತಿ ಎಂದು ತೋರಿಸಿ ನೋಟು ಅಚ್ಚು ಹಾಕಿತು. ಇದಕ್ಕೆ 1934ರ ಕಾಯ್ದೆಯಲ್ಲೇ ಅವಕಾಶವಿತ್ತು: ನೋಟುಗಳ ಹಿಂದಿನ ಆಸ್ತಿಯಲ್ಲಿ ಐದರಲ್ಲಿ ಎರಡು ಪಾಲು ಚಿನ್ನ ಅಥವಾ ಸ್ಟರ್ಲಿಂಗ್ ಭದ್ರತಾಪತ್ರ (ಪೌಂಡಿನ ಸಾಲಪತ್ರ) ಇರಬೇಕೆಂದು ಅದು ಹೇಳುತ್ತಿತ್ತು, ಪೌಂಡನ್ನು ಗೊತ್ತಾದ ದರದಲ್ಲಿ ಕೊಳ್ಳುವ ಹೊಣೆಯನ್ನೂ ಬ್ಯಾಂಕಿನ ಮೇಲೆ ಹೊರಿಸಿತ್ತು. ಯುದ್ಧದ ಆರಂಭದಲ್ಲಿ ಚಲಾವಣೆಯಲ್ಲಿದ್ದ ನೋಟು ಸುಮಾರು 180 ಕೋಟಿ ರೂಪಾಯಿಯಷ್ಟು. ಯುದ್ಧ ಮುಗಿಯುವ ಹೊತ್ತಿಗೆ ಅದು ಸಾವಿರ ಕೋಟಿ ದಾಟಿತ್ತು.

ಇಲ್ಲಿ ಓದುಗರು ನಿಲ್ಲಬೇಕು. ನೋಟು ಹೆಚ್ಚಿತು, ಕೊಳ್ಳಲು ಸರಕಿಲ್ಲ. ನಮ್ಮ ಅಜ್ಜನ ಹಳೆಯ ಲೆಕ್ಕದ ಪುಸ್ತಕದಲ್ಲಿ 1943ರ ಮಳೆಗಾಲದ ಒಂದು ಪುಟದಲ್ಲಿ ಲೆಕ್ಕದ ಬದಲು ಮೂರೇ ಮಾತುಗಳಿವೆ: "ಸೀಮೆಎಣ್ಣೆ ಪೇಟೆಯಲ್ಲಿ ಸಿಗಲಿಲ್ಲ." ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಲಂಡನ್ನಿನ ಪುಸ್ತಕದಲ್ಲಿ ಏರುತ್ತಿದ್ದ ಆ ಶಿಲ್ಕು ಜನ ಉಣ್ಣದೆ, ಉಡದೆ ಬಿಟ್ಟದ್ದರ ಲೆಕ್ಕ. ಒಪ್ಪಂದದ ಯಾವ ಕಲಮಿನಲ್ಲೂ ಈ ಮಾತು ಬರುವುದಿಲ್ಲ. ಆದ್ದರಿಂದಲೇ ಇದನ್ನು ಮೊದಲು ತಿಳಿದುಕೊಂಡು ಆಮೇಲೆ ಕಲಮುಗಳಿಗೆ ಹೋಗಬೇಕು ಎನ್ನುತ್ತೇನೆ. ಇಲ್ಲದಿದ್ದರೆ ಆಳುವವರು ಹಣವನ್ನು "ಬಿಡುಗಡೆ" ಮಾಡಿದರು ಎಂಬ ಪದ ಉಪಕಾರದಂತೆ ಕೇಳಿಸುತ್ತದೆ.

ಎರಡನೆಯದು, ಖಾತೆಗಳನ್ನು ಬೇರೆ ಮಾಡಿ

ಈಗ ಹಾಳೆಯನ್ನು ಕೈಗೆತ್ತಿಕೊಳ್ಳಿ. ಒಟ್ಟು ಮೊತ್ತವನ್ನು ಬಿಟ್ಟು ಖಾತೆಗಳು ಎಷ್ಟು ಎಂದು ಎಣಿಸಿ.

1947ರ ಆಗಸ್ಟ್ 14ರ ಒಪ್ಪಂದದಲ್ಲಿ ಎರಡು ಖಾತೆಗಳಿವೆ. ಎರಡೂ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ. ಒಂದನೆಯ ಖಾತೆಯಲ್ಲಿ ಇದ್ದದ್ದು ದಿನಬಳಕೆಯ ಹಣ. ಎರಡನೆಯದರಲ್ಲಿ ಇದ್ದದ್ದು ಬೀಗ ಹಾಕಿದ ಹಣ. 116 ಕೋಟಿ ಪೌಂಡಿನಲ್ಲಿ ಒಂದನೆಯ ಖಾತೆಗೆ ಬಂದದ್ದು ಆರೂವರೆ ಕೋಟಿ: ಮೂರೂವರೆ ಕೋಟಿ ಖರ್ಚಿಗೆ, ಮೂರು ಕೋಟಿ ಕೈಶಿಲ್ಕಾಗಿ. ನೂರಕ್ಕೆ ಆರು ಕೂಡ ಆಗಲಿಲ್ಲ. ಅದೂ ಆ ವರ್ಷದ ಡಿಸೆಂಬರ್ 31ರವರೆಗಿನ ತಾತ್ಕಾಲಿಕ ಏರ್ಪಾಡು. ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ ದರದಲ್ಲಿ ಲೆಕ್ಕ ಹಾಕಿದರೆ 116 ಕೋಟಿ ಪೌಂಡ್ ಎಂದರೆ ಸುಮಾರು 1,547 ಕೋಟಿ ರೂಪಾಯಿ. ಕೈಗೆ ಸಿಕ್ಕದ್ದು 87 ಕೋಟಿಯ ಹತ್ತಿರ. ವಿದ್ಯಾರ್ಥಿನಿಯರ ಹಳದಿ ಗೆರೆ ಈ ಆರೂವರೆ ಕೋಟಿಯ ಕೆಳಗೆ ಇರಬೇಕಿತ್ತು.

ನೀವು ಯಾವ ದೇಶದ ಒಪ್ಪಂದ ಓದಿದರೂ ಇದನ್ನು ಮಾಡಿ. ಒಂದು ಹಾಳೆಯಲ್ಲಿ ಉದ್ದಗೆರೆ ಎಳೆದು ಎಡಕ್ಕೆ ಒಟ್ಟು ಶಿಲ್ಕು, ಬಲಕ್ಕೆ ಮುಂದಿನ ಹನ್ನೆರಡು ತಿಂಗಳಲ್ಲಿ ಯಾರ ಅನುಮತಿಯೂ ಇಲ್ಲದೆ ತೆಗೆಯಬಹುದಾದ ಹಣ ಎಂದು ಬರೆಯಿರಿ. ಬಲಗಡೆಯ ಅಂಕಿ ಮಾತ್ರ ನಿಜವಾದ ಮೀಸಲು.

ಯಾವ ನಾಣ್ಯ, ಯಾವ ದಿನ

ಬಲಗಡೆಯ ಅಂಕಿಗೂ ಇನ್ನೊಂದು ಪ್ರಶ್ನೆ ಕೇಳಬೇಕು: ಈ ಹಣದಿಂದ ಎಲ್ಲಿ ಕೊಳ್ಳಬಹುದು? ಅಜ್ಜನ ಚೀಟಿ ಒಂದೇ ಅಂಗಡಿಯಲ್ಲಿ ನಡೆಯುತ್ತಿದ್ದಂತೆ ಪೌಂಡು ಸ್ಟರ್ಲಿಂಗ್ ವಲಯದೊಳಗೆ, ಅಂದರೆ ತಮ್ಮ ನಾಣ್ಯವನ್ನು ಪೌಂಡಿಗೆ ಕಟ್ಟಿಕೊಂಡಿದ್ದ ದೇಶಗಳೊಳಗೆ ಮಾತ್ರ ಸಲೀಸಾಗಿ ನಡೆಯುತ್ತಿತ್ತು. ಭಾರತಕ್ಕೆ ಬೇಕಿದ್ದ ಆಹಾರಧಾನ್ಯ, ಯಂತ್ರಗಳ ದೊಡ್ಡ ಪಾಲು ಡಾಲರ್ ದೇಶಗಳಲ್ಲಿತ್ತು. ಯುದ್ಧಕಾಲದಲ್ಲಿ ಭಾರತ ಗಳಿಸಿದ ಡಾಲರುಗಳೂ ಲಂಡನ್ನಿನ ಸಾಮೂಹಿಕ ನಿಧಿಗೆ ಹೋಗಿದ್ದವು.

ಇಲ್ಲಿ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನು ಕಲಿಯಿರಿ. 1945ರ ಡಿಸೆಂಬರಿನಲ್ಲಿ ಅಮೆರಿಕ ಬ್ರಿಟನ್ನಿಗೆ 375 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಅದರ ಷರತ್ತಿನಂತೆ 1947ರ ಜುಲೈ 15ರಿಂದ ಪೌಂಡನ್ನು ಡಾಲರಿಗೆ ಬದಲಾಯಿಸಿಕೊಳ್ಳುವ ಅವಕಾಶ ತೆರೆಯಬೇಕಿತ್ತು, ತೆರೆಯಿತು. ಭಾರತದ ಒಪ್ಪಂದ ಆದದ್ದು ಆಗಸ್ಟ್ 14ಕ್ಕೆ. ಬ್ರಿಟನ್ನಿನ ಡಾಲರ್ ಸೋರಿಹೋಗಿ ಆ ಬಾಗಿಲು ಮತ್ತೆ ಮುಚ್ಚಿದ್ದು ಆಗಸ್ಟ್ 20ಕ್ಕೆ. ನಡುವೆ ಆರೇ ದಿನ. ಸಹಿ ಬಿದ್ದ ದಿನ ಒಂದನೆಯ ಖಾತೆಯ ಪೌಂಡಿಗಿದ್ದ ಶಕ್ತಿ ಮುಂದಿನ ವಾರಕ್ಕೆ ಇರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಅದಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ನನಗೆ ಗೊತ್ತಿಲ್ಲ. 1948ರ ಫೆಬ್ರುವರಿಯಲ್ಲಿ ಒಪ್ಪಂದವನ್ನು ಆರು ತಿಂಗಳಿಗೆ ಮುಂದುವರಿಸಿದಾಗ ಗಟ್ಟಿ ನಾಣ್ಯಕ್ಕೆ (ಡಾಲರಿನಂಥ, ಎಲ್ಲೆಡೆ ನಡೆಯುವ ನಾಣ್ಯಕ್ಕೆ) ಬದಲಾಯಿಸಿಕೊಳ್ಳಲು ಒಂದು ಕೋಟಿ ಪೌಂಡಿನ ಮಿತಿ ಬಂತು.

ಒಪ್ಪಂದದ ತಾರೀಕಿಗೆ ಹಿಂದಿನ ಮತ್ತು ಮುಂದಿನ ಒಂದು ತಿಂಗಳ ಪತ್ರಿಕೆಗಳನ್ನು ನೋಡದೆ ಅದರ ಬಗ್ಗೆ ಏನನ್ನೂ ಬರೆಯಬೇಡಿ.

ಹಣ ಅಲುಗಾಡದೆ ಕರಗುವ ಕಲಮುಗಳು

ನಾನು ಲೆಕ್ಕ ತಾಳೆ ನೋಡುವ ಕಾಲದಲ್ಲಿ ನಮಗೆ ಹೆಚ್ಚು ಕೆಲಸ ಕೊಡುತ್ತಿದ್ದವು "ವಜಾ" ನಮೂದುಗಳು. ಆ ಕಡೆಯವರು ತಮ್ಮ ಯಾವುದೋ ಬಾಬತ್ತನ್ನು ನಮ್ಮ ಶಿಲ್ಕಿನಿಂದ ಮುರಿದುಕೊಂಡಿರುತ್ತಾರೆ. ಹಣ ಎಲ್ಲಿಗೂ ಹೋಗಿರುವುದಿಲ್ಲ, ಶಿಲ್ಕು ಮಾತ್ರ ಇಳಿದಿರುತ್ತದೆ. ವಸಾಹತಿನ ಒಪ್ಪಂದಗಳಲ್ಲಿಯೂ ಇಂಥವನ್ನು ಬೇರೆ ಬಣ್ಣದ ಶಾಯಿಯಲ್ಲಿ ಗುರುತು ಮಾಡಿಕೊಳ್ಳಬೇಕು.

1948ರ ಜುಲೈ ಒಪ್ಪಂದ ಇದಕ್ಕೆ ತಕ್ಕ ಪಾಠ. ಹಣಕಾಸು ಸಚಿವ ಷಣ್ಮುಖಂ ಚೆಟ್ಟಿ ಅವರು ಲಂಡನ್ನಿಗೆ ಹೋಗಿ ಮೂರು ವರ್ಷಗಳ ಒಪ್ಪಂದ ಮಾಡಿಕೊಂಡು ಬಂದರು. ಅದರಲ್ಲಿ ಯುದ್ಧದ ನಂತರ ಇಲ್ಲೇ ಬಿಟ್ಟುಹೋದ ಸೇನಾ ಸಾಮಗ್ರಿ, ಕಟ್ಟಡ, ಸ್ಥಾವರಗಳಿಗೆಂದು 10 ಕೋಟಿ ಪೌಂಡ್ ವಜಾ. ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಯ ಹೊಣೆ ತೀರಿಸಲು ಕೇಂದ್ರದ ಲೆಕ್ಕದಲ್ಲಿ 14.75 ಕೋಟಿ, ಪ್ರಾಂತಗಳ ಲೆಕ್ಕದಲ್ಲಿ 2.05 ಕೋಟಿ ಪೌಂಡ್ ವಜಾ. ಕೂಡಿಸಿ: 26.8 ಕೋಟಿ ಪೌಂಡ್. ಹೊಸದಾಗಿ ಬಿಡುಗಡೆಯಾದದ್ದು ಮೂರು ವರ್ಷಕ್ಕೆ 8 ಕೋಟಿ, ಮೊದಲ ವರ್ಷ ಅದರಲ್ಲಿ ಗಟ್ಟಿ ನಾಣ್ಯಕ್ಕೆ ಬದಲಾಗಬಹುದಾದದ್ದು ಒಂದೂವರೆ ಕೋಟಿ.

ಪಿಂಚಣಿಯ ಹಣ ಭಾರತ ಹೇಗೂ ವರ್ಷವರ್ಷ ಕಳಿಸಬೇಕಾದದ್ದೇ. ಒಂದೇ ಸಲಕ್ಕೆ ಕಟ್ಟಿಬಿಟ್ಟರೆ ಮುಂದೆ ಆ ತಲೆನೋವಿಲ್ಲ ಎಂಬ ವಾದವಿತ್ತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಬೀಗದೊಳಗಿದ್ದ ಹಣದಿಂದ ಕೊಟ್ಟದ್ದು ಒಂದು ರೀತಿಯಲ್ಲಿ ಜಾಣತನವೇ. ಆದರೆ ಸಾಮಗ್ರಿಯ 10 ಕೋಟಿಯ ಬಗ್ಗೆ ನನ್ನ ಮನಸ್ಸು ಇಂದಿಗೂ ಒಪ್ಪುವುದಿಲ್ಲ. ಈ ನೆಲದಲ್ಲಿ ನಿಂತಿದ್ದ, ಕಿತ್ತು ಹಡಗಿಗೆ ಹಾಕಿದರೆ ಸಾಗಣೆಯ ಖರ್ಚೂ ಹುಟ್ಟದ ಎಷ್ಟೋ ವಸ್ತು ಅದರಲ್ಲಿತ್ತು. ಮಾರುವವನಿಗೆ ಬೇರೆ ಗಿರಾಕಿ ಇಲ್ಲದಾಗ ಬೆಲೆ ಕಟ್ಟುವ ಬಲ ಕೊಳ್ಳುವವನದಾಗಬೇಕು.

ಮೌಲ್ಯಕ್ಕೆ ಖಾತರಿ ಇದೆಯೇ

ಇದನ್ನು ಬಹುಜನ ಮರೆಯುತ್ತಾರೆ. ಬೇರೆಯವರ ನಾಣ್ಯದಲ್ಲಿ ಹಣ ಇಟ್ಟರೆ ಆ ನಾಣ್ಯದ ಬೆಲೆ ಇಳಿದ ದಿನ ನಷ್ಟ ಯಾರದು?

1947, 1948ರ ಒಪ್ಪಂದಗಳಲ್ಲಿ ಭಾರತಕ್ಕೆ ಇಂಥ ಖಾತರಿ ಸಿಗಲಿಲ್ಲ. 1949ರ ಸೆಪ್ಟೆಂಬರ್ 18ರಂದು ಬ್ರಿಟನ್ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಭಾರತವೂ ರೂಪಾಯಿಯನ್ನು ಅಷ್ಟೇ ಇಳಿಸಿತು. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ನಮ್ಮ ಕರಾವಳಿ ಮೂಲದ ಬೆನಗಲ್ ರಾಮರಾವ್, ಸಿ.ಡಿ. ದೇಶಮುಖರಿಂದ ಅಧಿಕಾರ ವಹಿಸಿಕೊಂಡು ಎರಡೂವರೆ ತಿಂಗಳಾಗಿತ್ತು ಅಷ್ಟೆ. ರೂಪಾಯಿಯಲ್ಲಿ ನೋಡಿದರೆ ಪುಸ್ತಕದ ಅಂಕಿ ಅಲ್ಲಾಡಲಿಲ್ಲ. ಡಾಲರಿನಲ್ಲಿ ನೋಡಿದರೆ ಎರಡನೆಯ ಖಾತೆಯಲ್ಲಿ ಕೂತಿದ್ದ ಪ್ರತಿ ಪೌಂಡೂ ಒಂದೇ ರಾತ್ರಿಯಲ್ಲಿ ನೂರಕ್ಕೆ ಮೂವತ್ತರಷ್ಟು ಸವೆದಿತ್ತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಹಣಕ್ಕೆ ಗೆದ್ದಲು ಹಿಡಿದರೂ ಪೆಟ್ಟಿಗೆಯ ತೂಕ ಹಾಗೆಯೇ ಇದ್ದಂತೆ.

ಈ ಪ್ರಶ್ನೆಗೆ ಉತ್ತರ ಬರೆದುಕೊಂಡ ಒಪ್ಪಂದವನ್ನು ನೋಡಬೇಕಾದರೆ ಹಾಂಗ್‌ಕಾಂಗಿಗೆ ಬನ್ನಿ. ಅದು ಆಗಿನ್ನೂ ಬ್ರಿಟನ್ನಿನ ವಸಾಹತು. 1967ರ ನವೆಂಬರ್ 18ರಂದು ಪೌಂಡು 2.80 ಡಾಲರಿನಿಂದ 2.40ಕ್ಕೆ ಇಳಿಯಿತು. ಹಾಂಗ್‌ಕಾಂಗ್ ಮೊದಲು ತನ್ನ ಡಾಲರನ್ನೂ ಅಷ್ಟೇ ಇಳಿಸಿ, ಕೆಲವೇ ದಿನಗಳಲ್ಲಿ ಮತ್ತೆ ಏರಿಸಿತು. ಪೌಂಡಿಗೆ 16 ಹಾಂಗ್‌ಕಾಂಗ್ ಡಾಲರ್ ಇದ್ದದ್ದು 14.55 ಆಯಿತು. ಅಂದರೆ ಮೀಸಲಿನಲ್ಲಿದ್ದ ಒಂದೊಂದು ಪೌಂಡಿಗೂ ಒಂದು ಡಾಲರ್ 45 ಸೆಂಟ್ ನಷ್ಟ, ಮತ್ತು ಅಲ್ಲಿನ ಮೀಸಲು ಬಹುಪಾಲು ಪೌಂಡಿನಲ್ಲೇ ಇತ್ತು. ಆಗಿನ ಹಣಕಾಸು ಕಾರ್ಯದರ್ಶಿ ಜಾನ್ ಕೌಪರ್‌ತ್ವೇಟ್ ಈ ನಷ್ಟವನ್ನು ಮುಂದಿಟ್ಟುಕೊಂಡು ಲಂಡನ್ನಿನೊಂದಿಗೆ ಮಾತಿಗಿಳಿದರು.

1968ರ ಸೆಪ್ಟೆಂಬರಿನಲ್ಲಿ ಸ್ಟರ್ಲಿಂಗ್ ವಲಯದ ದೇಶಗಳೊಡನೆ ಬ್ರಿಟನ್ ಮಾಡಿಕೊಂಡ ಒಪ್ಪಂದಗಳಲ್ಲಿ ಹಾಂಗ್‌ಕಾಂಗಿನದೂ ಒಂದು. ಅದನ್ನು ವಿದ್ಯಾರ್ಥಿನಿಯರಿಗೆ ಅಡಿಕೆಯಿಟ್ಟು ತೋರಿಸಿದೆ. ಮೇಜಿನ ಮೇಲೆ ನೂರು ಅಡಿಕೆ ಎಣಿಸಿ ಇಟ್ಟೆ. ಇವು ಹಾಂಗ್‌ಕಾಂಗಿನ ಒಟ್ಟು ಮೀಸಲು. ಒಪ್ಪಂದದ ಒಂದು ಕಡೆ: ಇದರಲ್ಲಿ 99ನ್ನು ಪೌಂಡಿನಲ್ಲೇ ಇಡುತ್ತೇವೆ ಎಂದು ಹಾಂಗ್‌ಕಾಂಗ್ ಮಾತು ಕೊಡುತ್ತದೆ. ಒಂದನ್ನು ಪಕ್ಕಕ್ಕೆ ಸರಿಸಿದೆ. ಇನ್ನೊಂದು ಕಡೆ: ಒಟ್ಟು ಮೀಸಲಿನ ಹತ್ತನೇ ಒಂದು ಪಾಲನ್ನು ಮೀರಿದ ಪೌಂಡುಗಳಿಗೆ ಅಮೆರಿಕದ ಡಾಲರಿನ ಲೆಕ್ಕದಲ್ಲಿ ಬ್ರಿಟನ್ ಖಾತರಿ ಕೊಡುತ್ತದೆ. ಹತ್ತು ಅಡಿಕೆ ಬೇರೆ ಗುಂಪು ಮಾಡಿದೆ. ಉಳಿದ 89ಕ್ಕೆ ಖಾತರಿ ಇದೆ, ಹತ್ತಕ್ಕೆ ಇಲ್ಲ, ಒಂದು ಮಾತ್ರ ಎಲ್ಲಿಗಾದರೂ ಹೋಗಬಹುದು. ಹುಡುಗಿಯರಲ್ಲಿ ಒಬ್ಬಳು ಆ ಒಂಟಿ ಅಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡು, "ಖಾತರಿಯ ಬೆಲೆ ಇದು, ಅಲ್ಲವೇ ಸರ್? ಉಳಿದದ್ದನ್ನೆಲ್ಲ ಕದಲಿಸುವ ಹಕ್ಕನ್ನು ಮಾರಿಬಿಟ್ಟರು" ಎಂದಳು. ಪುಟಗಟ್ಟಲೆ ಓದಿದರೂ ಇಷ್ಟು ಸ್ಪಷ್ಟವಾಗಿ ಹೊಳೆಯುವುದು ಕಷ್ಟ.

ಖಾತರಿ ಕಂಡಾಗ ಅದನ್ನು ಅಳೆಯುವ ಕೋಲು ಯಾವುದು ಎಂದೂ ಕೇಳಿ. ಇಲ್ಲಿ ಕೋಲು ಅಮೆರಿಕದ ಡಾಲರ್. 1971ರ ಡಿಸೆಂಬರಿನಲ್ಲಿ ಆ ಡಾಲರೇ ಇಳಿಯಿತು, ಔನ್ಸ್ ಚಿನ್ನದ ಅಧಿಕೃತ ಬೆಲೆ 35 ಡಾಲರಿನಿಂದ 38ಕ್ಕೆ ಹೋಯಿತು. 1972ರ ಜೂನಿನಲ್ಲಿ ಪೌಂಡನ್ನು ತೇಲಲು ಬಿಟ್ಟ (ಅದರ ಬೆಲೆಯನ್ನು ಪೇಟೆಗೇ ಬಿಟ್ಟ) ಮೇಲೆ, ಜುಲೈನಲ್ಲಿ ಹಾಂಗ್‌ಕಾಂಗ್ ತನ್ನ ನಾಣ್ಯವನ್ನು ಪೌಂಡಿನಿಂದ ಬಿಡಿಸಿ ಅಮೆರಿಕದ ಡಾಲರಿಗೆ ಕಟ್ಟಿಕೊಂಡಿತು.

ಮಾತಿನ ಧಾಟಿಯನ್ನು ಓದುವುದು

ಬಲಹೀನ ಪಕ್ಷದವರು ಏನನ್ನು, ಎಲ್ಲಿ, ಯಾರ ಎದುರು ಹೇಳಿದರು ಎಂಬುದನ್ನು ಬೇರೆಯೇ ಪಟ್ಟಿ ಮಾಡಿ. 1944ರ ಜುಲೈನಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನದಲ್ಲಿ ಭಾರತದ ನಿಯೋಗ ಯುದ್ಧಕಾಲದ ಶಿಲ್ಕಿನ ಒಂದು ಭಾಗವನ್ನಾದರೂ ಹೊಸ ಅಂತರರಾಷ್ಟ್ರೀಯ ನಿಧಿಯ ಮೂಲಕ ಬದಲಾಯಿಸಿಕೊಳ್ಳುವ ಏರ್ಪಾಡು ಕೇಳಿತು. ನಿಯೋಗದಲ್ಲಿದ್ದ ಎ.ಡಿ. ಶ್ರಾಫ್ ಅವರು ಬ್ಯಾಂಕಿನಲ್ಲಿ ಹತ್ತು ಲಕ್ಷ ಡಾಲರ್ ಇದ್ದೂ ಟ್ಯಾಕ್ಸಿ ಬಾಡಿಗೆಗೆ ಚಿಲ್ಲರೆ ಇಲ್ಲದವನ ಸ್ಥಿತಿ ನಮ್ಮದಾಗುತ್ತದೆ ಎಂಬರ್ಥದ ಮಾತಾಡಿದರು. ಬೇಡಿಕೆ ಬಿದ್ದುಹೋಯಿತು. ಇದು ನಮ್ಮಿಬ್ಬರ ನಡುವಿನ ವಿಷಯ, ಗೌರವದಿಂದ ಇತ್ಯರ್ಥ ಮಾಡುತ್ತೇವೆ ಎಂದು ಬ್ರಿಟನ್ನಿನ ಪರವಾಗಿ ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದರು.

ಮೇಲ್ನೋಟಕ್ಕೆ ಇದು ಸೋಲು. ನಾನು ಹಾಗೆ ಓದುವುದಿಲ್ಲ. ಅಷ್ಟು ದೇಶಗಳ ಎದುರು ಬ್ರಿಟನ್ನಿನ ಬಾಯಿಂದ ಸಾಲ ಒಪ್ಪಿದ ಮಾತು ಹೊರಬಂತು. ಮುಂದೆ ಅಮೆರಿಕದ ಸಾಲದ ಒಪ್ಪಂದದ ಹತ್ತನೆಯ ಕಲಮಿನಲ್ಲಿ ಈ ಶಿಲ್ಕುಗಳ ಒಂದು ಭಾಗವನ್ನು ಕಡಿತ ಮಾಡುವ ಯೋಚನೆ ಬಂದಾಗ, ಯುದ್ಧದಲ್ಲಿ ಭಾರತವನ್ನು ಕಾಪಾಡಿದ್ದಕ್ಕೆ ಪ್ರತಿಯಾಗಿ ಲೆಕ್ಕ ಹಾಕಬೇಕೆಂದು ಚರ್ಚಿಲ್ ವಾದಿಸಿದಾಗ, ಭಾರತದವರು ಕಡಿತಕ್ಕೆ ಒಪ್ಪಲಿಲ್ಲ. 1947ರ ಒಪ್ಪಂದದಲ್ಲಿ ಕಡಿತದ ಕಲಮಿಲ್ಲ. ಬ್ರಿಟನ್ನಿಗೆ ಬೇಕಿದ್ದ ಸಮಯ ಸಿಕ್ಕಿತು, ಭಾರತಕ್ಕೆ ಬೇಕಿದ್ದ ತತ್ವ ಉಳಿಯಿತು. ಹೀಗೆ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದು ಕಲಮುಗಳಲ್ಲಿ ಇಲ್ಲದ್ದನ್ನು ಹುಡುಕಿದಾಗಲೇ ತಿಳಿಯುತ್ತದೆ.

ಹಾಂಗ್‌ಕಾಂಗಿನ ಧಾಟಿ ಬೇರೆ. ವಸಾಹತಾದ್ದರಿಂದ ಅದು ಅಂತರರಾಷ್ಟ್ರೀಯ ವೇದಿಕೆಯಲ್ಲಿ ನಿಂತು ದೂರುವಂತಿರಲಿಲ್ಲ. ಆದರೆ 1958ರಿಂದ ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುವ ಸ್ವಾತಂತ್ರ್ಯ ಅದಕ್ಕಿತ್ತು. ಪೌಂಡನ್ನು ಬಿಟ್ಟು ಬೇರೆ ನಾಣ್ಯಕ್ಕೆ ಹೋದೇವು ಎಂಬ ಸೂಚನೆಯೇ ಅದರ ಬಲ. ಆ ಸೂಚನೆ ಬಹಿರಂಗವಾದರೆ ಪೌಂಡು ಮತ್ತಷ್ಟು ಇಳಿದು ತನ್ನ ಮೀಸಲೇ ಕರಗುತ್ತದೆ. ಆದ್ದರಿಂದ ಎಲ್ಲವೂ ಪತ್ರ, ತಂತಿ, ಮುಚ್ಚಿದ ಕೋಣೆಗಳಲ್ಲೇ ನಡೆಯಬೇಕಿತ್ತು. ಇಂಥ ಪ್ರಕರಣ ಓದುವಾಗ ಒಪ್ಪಂದಕ್ಕಿಂತ ಪತ್ರವ್ಯವಹಾರದ ಕಡತ ಮುಖ್ಯ. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಖಜಾನೆಯ ಕಡತಗಳಿವೆ. ಭಾರತದ ಪ್ರಕರಣಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ: ರಿಸರ್ವ್ ಬ್ಯಾಂಕಿನ ಪತ್ರಾಗಾರ ಪುಣೆಯಲ್ಲಿದೆ. ಮೊದಲೇ ಪತ್ರ ಬರೆದು ಅನುಮತಿ ಪಡೆದು, ಹೋಗುವ ಮುನ್ನ ತಾರೀಕುಗಳ ಪಟ್ಟಿ ಮಾಡಿಕೊಳ್ಳಿ.

ಪತ್ರಗಳಲ್ಲಿ "ಸದ್ಯಕ್ಕೆ", "ಈಗಿನ ಪರಿಸ್ಥಿತಿಯಲ್ಲಿ", "ಸಮಾಲೋಚಿಸಿದ ನಂತರ" ಎಂಬಂಥ ಮಾತುಗಳು ಎಲ್ಲಿ ಬರುತ್ತವೆ ನೋಡಿ. ಅಂಥ ಮಾತಿರುವ ವಾಕ್ಯದಲ್ಲಿ ಹಕ್ಕು ಯಾರ ಬಳಿ ಉಳಿಯಿತು ಎಂದು ಅಂಚಿನಲ್ಲಿ ಒಂದೇ ಪದದಲ್ಲಿ ಬರೆಯಿರಿ.

ಕೊನೆಯ ಭಾನುವಾರ ವಿದ್ಯಾರ್ಥಿನಿಯರು ತಾವೇ ಮಾಡಿದ ಪಟ್ಟಿ ತಂದರು. ಒಪ್ಪಂದದ ತಾರೀಕು, ಒಟ್ಟು ಶಿಲ್ಕು, ತೆಗೆಯಬಹುದಾದದ್ದು, ಗಟ್ಟಿ ನಾಣ್ಯದ ಮಿತಿ, ವಜಾ, ಮೌಲ್ಯದ ಖಾತರಿ, ಅವಧಿ ಎಂದು ಏಳು ಅಂಕಣಗಳು. ಭಾರತದ ಮೂರು ಸಾಲುಗಳಲ್ಲಿ ಖಾತರಿಯ ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಡಬೇಡಿ, "ಇಲ್ಲ" ಎಂದು ಬರೆಯಿರಿ ಎಂದೆ. ಮೂರು ಕಡೆಯೂ ಪೆನ್ನಿನಲ್ಲಿ ತುಂಬಿಸಿ, ಐದೂವರೆಯ ಬಸ್ಸಿಗೆ ಹೊರಟರು.